ಪಾಸೋವರ್ ರಾತ್ರಿಯ ಊಟಕ್ಕೆ ವೀಗನ್ ಅಡುಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಯಹೂದಿ ಸ್ನೇಹಿತರು ಪಾಸೋವರ್ ಹಬ್ಬದ ಊಟಕ್ಕೆ ಕರೆದಿದ್ದಾರೆ. ಕರೆದವರ ಮನೆಯಲ್ಲೋ ನಮ್ಮ ಮನೆಯಲ್ಲೋ ಒಬ್ಬರು ವೀಗನ್. "ಒಂದು ಐಟಂ ನಾವು ಮಾಡ್ಕೊಂಡು ಬರ್ತೀವಿ" ಅಂತ ಬಾಯಿತಪ್ಪಿ ಒಪ್ಪಿಕೊಂಡೂ ಆಗಿದೆ. ಈಗೇನು ಮಾಡೋದು? ಅಮೆರಿಕ, ಇಂಗ್ಲೆಂಡ್ ಕಡೆ ಇರುವ ಕನ್ನಡಿಗರು ಪ್ರತಿ ವರ್ಷ ಮಾರ್ಚ್ ಕೊನೆಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮಗೆ ವೀಗನ್ ಅಡುಗೆ ದೊಡ್ಡ ವಿಷಯವೇ ಅಲ್ಲ. ಕಷ್ಟ ಇರುವುದೆಲ್ಲ ಪಾಸೋವರ್ ನಿಯಮದಲ್ಲಿ. ಅದಕ್ಕೇ ಕೆಳಗಿನ ಅರ್ಧ ಉತ್ತರಗಳು "ಕರೆದವರನ್ನು ಕೇಳಿ" ಅಂತಲೇ ಮುಗಿಯುತ್ತವೆ.

ಪಾಸೋವರ್ ಯಾವ ಹಬ್ಬ? ಸೆಡರ್ ಅಂದರೆ ಏನು?

ಈಜಿಪ್ಟಿನ ಗುಲಾಮಗಿರಿಯಿಂದ ಯಹೂದಿಗಳು ಬಿಡುಗಡೆಯಾದದ್ದನ್ನು ನೆನೆಯುವ ಹಬ್ಬ. ಅವರ ಪಂಚಾಂಗದಲ್ಲಿ ನಿಸಾನ್ ತಿಂಗಳ 15ರಂದು ಶುರು. ನಮ್ಮ ಲೆಕ್ಕದಲ್ಲಿ ಮಾರ್ಚ್ ಕೊನೆಯಿಂದ ಏಪ್ರಿಲ್ ಒಳಗೆ ಬರುತ್ತದೆ. 2026ರಲ್ಲಿ ಏಪ್ರಿಲ್ 1ರ ಸಂಜೆ, 2027ರಲ್ಲಿ ಏಪ್ರಿಲ್ 21ರ ಸಂಜೆ. ಇಸ್ರೇಲಿನಲ್ಲಿ 7 ದಿನ ಆಚರಿಸುತ್ತಾರೆ. ಹೊರದೇಶದ ಸಂಪ್ರದಾಯಸ್ಥರು 8 ದಿನ.

ಮೊದಲ ರಾತ್ರಿಯ ಊಟವೇ ಸೆಡರ್. ಹೊರದೇಶಗಳಲ್ಲಿ ಸಾಮಾನ್ಯವಾಗಿ ಎರಡನೇ ರಾತ್ರಿಯೂ ಇರುತ್ತದೆ. ಹಗ್ಗಾದಾ ಎಂಬ ಪುಸ್ತಕ ಹಿಡಿದು ಕಥೆ ಓದುತ್ತಾರೆ, ಹಾಡುತ್ತಾರೆ, ಮಕ್ಕಳ ಬಾಯಲ್ಲಿ ಪ್ರಶ್ನೆ ಕೇಳಿಸುತ್ತಾರೆ, ನಾಲ್ಕು ಲೋಟ ವೈನ್ ಕುಡಿಯುತ್ತಾರೆ. ಇದರ ನಡುವೆ ಊಟ.

ವೀಗನ್ ಅಂದ್ರೆ ನಮ್ಮ ಸಸ್ಯಾಹಾರವೇ ಅಲ್ವಾ?

ಅಲ್ಲ. ಹಾಲು, ಮೊಸರು, ಬೆಣ್ಣೆ, ತುಪ್ಪ, ಪನೀರ್, ಜೇನುತುಪ್ಪ, ಮೊಟ್ಟೆ ಯಾವುದೂ ಇಲ್ಲ. ನಮ್ಮವರು ತಪ್ಪುವುದು ತುಪ್ಪದಲ್ಲಿ. "ಒಂದೇ ಚಮಚ, ಘಮಕ್ಕೆ" ಅಂತ ಹಾಕಿಬಿಡುತ್ತಾರೆ.

ಇನ್ನೊಂದು ವಿಷಯ. ಯಹೂದಿಗಳ ಆಹಾರ ನಿಯಮಕ್ಕೆ ಕೋಶರ್ ಎನ್ನುತ್ತಾರೆ. ಅದರಲ್ಲಿ ಮಾಂಸ ಮತ್ತು ಹಾಲಿನ ಪದಾರ್ಥ ಒಂದೇ ಊಟದಲ್ಲಿ ಸೇರುವಂತಿಲ್ಲ. ಸೆಡರ್ ಊಟದಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ. ಹಾಗಾಗಿ ಆ ಮೇಜಿನ ಮೇಲೆ ಹಾಲು, ಬೆಣ್ಣೆ ಹೇಗೂ ಬರುವುದಿಲ್ಲ. ಎರಡೂ ಅಲ್ಲದ ಪದಾರ್ಥಕ್ಕೆ ಪಾರ್ವೆ ಎನ್ನುತ್ತಾರೆ. ತರಕಾರಿ, ಹಣ್ಣು, ಎಣ್ಣೆ, ಕಾಯಿ ಎಲ್ಲ ಪಾರ್ವೆ. ಆದರೆ ಮೊಟ್ಟೆ ಮತ್ತು ಮೀನು ಕೂಡ ಪಾರ್ವೆ. ಆದ್ದರಿಂದ ಪಾರ್ವೆ ಗುರುತು ಕಂಡ ಕೂಡಲೇ ವೀಗನ್ ಅಂದುಕೊಳ್ಳಬೇಡಿ. ಪಾಸೋವರ್ ಕೇಕು, ಬಿಸ್ಕತ್ತುಗಳಲ್ಲಿ ಮೊಟ್ಟೆ ಧಾರಾಳವಾಗಿ ಇರುತ್ತದೆ.

ಮಾಂಸವಿಲ್ಲದೆ ಯಹೂದಿ ಹಬ್ಬದ ಊಟ ಆಗುತ್ತಾ? ಅವರಿಗೆ ಬೇಜಾರಾಗಲ್ವಾ?

ಆಗುತ್ತದೆ. ಜೆರುಸಲೇಮಿನಲ್ಲಿ ದೇವಾಲಯ ಇದ್ದ ಕಾಲದಲ್ಲಿ ಹಬ್ಬದ ಸಂತೋಷ ಬಲಿಯ ಮಾಂಸದಲ್ಲಿತ್ತು, ದೇವಾಲಯ ಹೋದಮೇಲೆ ಅದು ವೈನ್‌ನಲ್ಲಿದೆ ಅಂತ ಅವರ ಪ್ರಾಚೀನ ಧರ್ಮಗ್ರಂಥ ತಾಲ್ಮುಡ್‌ನಲ್ಲೇ ಒಂದು ಮಾತಿದೆ. ಯಹೂದಿಗಳಲ್ಲಿ ಸಸ್ಯಾಹಾರಿಗಳು ಮೊದಲಿನಿಂದಲೂ ಇದ್ದಾರೆ. ಟೆಲ್ ಅವೀವ್ ಇವತ್ತು ವೀಗನ್ ಊಟಕ್ಕೆ ಹೆಸರಾದ ಊರು. ಆದರೂ ಅಜ್ಜಿ ಕಾಲದ ಬ್ರಿಸ್ಕೆಟ್ (ದನದ ಎದೆಭಾಗದ ಮಾಂಸ) ಇಲ್ಲದೆ ಹಬ್ಬವೇ ಅನ್ನಿಸದ ಮನೆಗಳು ಇವೆ. ನೀವು ಅತಿಥಿಯಾಗಿ ಹೋಗುತ್ತಿದ್ದರೆ ಅವರ ಬ್ರಿಸ್ಕೆಟ್ ತೆಗೆಸುವ ಉಸಾಬರಿ ನಿಮಗೆ ಬೇಡ. ಪಕ್ಕದಲ್ಲಿ ಎಲ್ಲರೂ ಎರಡನೇ ಸಲ ಹಾಕಿಸಿಕೊಳ್ಳುವಂಥ ಒಂದು ಪದಾರ್ಥ ಇಟ್ಟರೆ ಸಾಕು.

ಪಾಸೋವರ್‌ನಲ್ಲಿ ಏನು ಹಾಕಲೇಬಾರದು?

ಹಮೇತ್ಸ್. ಗೋಧಿ, ಬಾರ್ಲಿ, ರೈ, ಓಟ್ಸ್, ಸ್ಪೆಲ್ಟ್ ಈ ಐದು ಧಾನ್ಯಗಳಿಗೆ ನೀರು ತಾಗಿ ಹುದುಗು ಬಂದದ್ದೆಲ್ಲ ಹಮೇತ್ಸ್. ಹಿಟ್ಟಿಗೆ ನೀರು ಬಿದ್ದು 18 ನಿಮಿಷದ ಒಳಗೆ ಬೆಂದಿರಬೇಕು, ಇಲ್ಲದಿದ್ದರೆ ಹುದುಗು ಬಂದ ಹಾಗೆ ಎಂಬುದು ಅವರ ಲೆಕ್ಕ. ಬ್ರೆಡ್, ಚಪಾತಿ, ರವೆ, ಶಾವಿಗೆ, ಪಾಸ್ತಾ, ಬಿಯರ್ ಎಲ್ಲ ಹೋಯಿತು. ಉಪ್ಪಿಟ್ಟು, ಕೇಸರಿಬಾತು ಮಾಡಿಕೊಂಡು ಹೋಗುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ.

ತಿನ್ನುವುದಿಲ್ಲ ಎಂದಷ್ಟೇ ಅಲ್ಲ, ಈ ದಿನಗಳಲ್ಲಿ ಅದು ಮನೆಯಲ್ಲೂ ಇರಬಾರದು. ಹಬ್ಬಕ್ಕೆ ಮುಂಚೆ ಕಪಾಟಿನ ಮೂಲೆ, ಸೋಫಾದ ಸಂದಿ, ಮಕ್ಕಳ ಜೇಬು ಎಲ್ಲ ಹುಡುಕಿ ತೆಗೆಯುತ್ತಾರೆ. ಅಷ್ಟು ಒದ್ದಾಡಿ ಶುದ್ಧ ಮಾಡಿದ ಮನೆಗೆ ನಾವು ಬಿಸ್ಕತ್ತಿನ ಡಬ್ಬ ಹಿಡಿದು ಹೋದರೆ ಹೇಗಿರುತ್ತದೆ?

ಬೇಳೆ, ಅಕ್ಕಿ, ಕಡಲೆ ಆಗುತ್ತಾ? ಅದೂ ಇಲ್ಲದೆ ವೀಗನ್ ಊಟ ಹೇಗೆ?

ಇದೇ ನಿಜವಾದ ತಲೆನೋವು. ಉತ್ತರ ಮನೆಯಿಂದ ಮನೆಗೆ ಬೇರೆ.

ಜರ್ಮನಿ, ಪೋಲೆಂಡ್, ರಷ್ಯಾ ಕಡೆಯಿಂದ ಬಂದ ಅಶ್ಕೆನಾಜಿ ಯಹೂದಿಗಳು ಪಾಸೋವರ್‌ನಲ್ಲಿ ಅಕ್ಕಿ, ಬೇಳೆಕಾಳು, ಜೋಳ, ಸೋಯಾ, ಎಳ್ಳು, ಸಾಸಿವೆ ಮುಟ್ಟುವುದಿಲ್ಲ. ಈ ಗುಂಪಿಗೆ ಕಿಟ್ನಿಯೋಟ್ ಎನ್ನುತ್ತಾರೆ. ಇವು ಹಮೇತ್ಸ್ ಅಲ್ಲ. ಆದರೆ ಗೋಧಿಯ ಜೊತೆ ಬೆರೆತುಹೋಗಬಹುದು, ಹಿಟ್ಟು ಮಾಡಿದರೆ ಗೋಧಿ ಹಿಟ್ಟಿನ ಥರವೇ ಕಾಣುತ್ತದೆ ಎಂಬ ಕಾರಣಕ್ಕೆ 13ನೇ ಶತಮಾನದ ಹೊತ್ತಿಗೆ ಯೂರೋಪಿನಲ್ಲಿ ಈ ಕಟ್ಟುಪಾಡು ಬೆಳೆಯಿತು. ಸ್ಪೇನ್, ಪೋರ್ಚುಗಲ್ ಮೂಲದ ಸೆಫಾರ್ಡಿ ಮತ್ತು ಪೂರ್ವದೇಶಗಳ ಯಹೂದಿಗಳಲ್ಲಿ ಬಹಳ ಜನಕ್ಕೆ ಇದು ಅನ್ವಯಿಸುವುದಿಲ್ಲ. ಇರಾಕಿ ಮೂಲದವರ ಮನೆಯಲ್ಲಿ ಪಾಸೋವರ್‌ಗೆ ಅನ್ನ ಇದ್ದೇ ಇರುತ್ತದೆ. ಗೋಧಿ ಕಾಳು ಸೇರಿದೆಯೇ ಎಂದು ಅಕ್ಕಿಯನ್ನು ಮೂರು ಸಲ ಆರಿಸುತ್ತಾರೆ. ಆದರೆ ಮೊರಾಕೊ ಮೂಲದ ಎಷ್ಟೋ ಮನೆಗಳಲ್ಲಿ ಅನ್ನ ಇಲ್ಲ. ಹಾಗಾಗಿ "ಸೆಫಾರ್ಡಿ ಅಲ್ವಾ, ನಡೆಯುತ್ತೆ" ಅಂತ ನೀವೇ ತೀರ್ಮಾನ ಮಾಡಬೇಡಿ.

2015ರ ಡಿಸೆಂಬರಿನಲ್ಲಿ ಅಮೆರಿಕದ ಕನ್ಸರ್ವೇಟಿವ್ ಎಂಬ ಮಧ್ಯಮಮಾರ್ಗದ ಯಹೂದಿ ಪಂಥದ ಧರ್ಮಸಮಿತಿ ಅಶ್ಕೆನಾಜಿಗಳೂ ಕಿಟ್ನಿಯೋಟ್ ತಿನ್ನಬಹುದು ಎಂದಿತು. ಹೆಚ್ಚು ಕಟ್ಟುನಿಟ್ಟಿನ ಆರ್ಥಡಾಕ್ಸ್ ಪಂಥದವರು ಒಪ್ಪಿಲ್ಲ. ಕನ್ಸರ್ವೇಟಿವ್ ಮನೆಗಳಲ್ಲೂ ಅಮ್ಮ ಮಾಡುತ್ತಿರಲಿಲ್ಲ ಎಂಬ ಕಾರಣಕ್ಕೇ ಬಿಟ್ಟವರು ಇದ್ದಾರೆ. ನಮಗಿದು ಅರ್ಥವಾಗದ ಮಾತೇನಲ್ಲ. ಚಾತುರ್ಮಾಸದಲ್ಲಿ ಒಂದು ತಿಂಗಳು ತರಕಾರಿ, ಒಂದು ತಿಂಗಳು ಬೇಳೆ ಬಿಡುವ ಮನೆಗಳನ್ನು ನೋಡಿದವರಲ್ವಾ ನಾವು.

ಅಶ್ಕೆನಾಜಿ ಮನೆಯ ವೀಗನ್‌ಗೆ ಉಳಿಯುವುದು ಆಲೂಗೆಡ್ಡೆ, ಗೆಣಸು, ಗಡ್ಡೆಗಳು, ಅಣಬೆ, ಬದನೆ, ಎಲೆಕೋಸು, ಬಾದಾಮಿ, ಅಕ್ರೋಟು, ತೆಂಗಿನಕಾಯಿ, ಅವಕಾಡೊ. ಕಿನೋವಾ ಕೂಡ. ಪಾಸೋವರ್ ಗುರುತಿನ ಕಿನೋವಾವನ್ನು ಅಮೆರಿಕದ ದೊಡ್ಡ ಪ್ರಮಾಣೀಕರಣ ಸಂಸ್ಥೆಗಳು ಒಪ್ಪುತ್ತವೆ. ಟೋಫು, ಸೋಯಾ ಹಾಲು, ಹಮ್ಮಸ್ ಇಲ್ಲ. ವೀಗನ್ ಅಡುಗೆಯವರು ಮೊಟ್ಟೆಯ ಬಿಳಿ ಭಾಗಕ್ಕೆ ಬದಲಾಗಿ ಬಳಸುವ ಕಾಬೂಲ್ ಕಡಲೆ ಬೇಯಿಸಿದ ನೀರೂ ಇಲ್ಲ. ಶೇಂಗಾ ಬಗ್ಗೆ ಅವರವರಲ್ಲೇ ಒಮ್ಮತ ಇಲ್ಲ. ಕೇಳದೆ ಹಾಕಬೇಡಿ.

ಒಗ್ಗರಣೆ ಹಾಕಬಹುದಾ?

ಈ ಪ್ರಶ್ನೆಯನ್ನು ಕನ್ನಡಿಗರಲ್ಲದೆ ಬೇರೆ ಯಾರು ಕೇಳುತ್ತಾರೆ! ಸಾಸಿವೆ ಕಿಟ್ನಿಯೋಟ್. ಉದ್ದಿನಬೇಳೆ, ಕಡಲೆಬೇಳೆ ಕಿಟ್ನಿಯೋಟ್. ಜೀರಿಗೆಯನ್ನೂ ಎಷ್ಟೋ ಜನ ಅದೇ ಗುಂಪಿಗೆ ಸೇರಿಸುತ್ತಾರೆ. ಕೊತ್ತಂಬರಿ ಬೀಜ, ಮೆಂತ್ಯದ ಬಗ್ಗೆಯೂ ಪ್ರಶ್ನೆಗಳಿವೆ.

ಇವೆಲ್ಲಕ್ಕಿಂತ ಅಪಾಯದ್ದು ಇಂಗು. ಅಂಗಡಿಯ ಇಂಗಿನ ಡಬ್ಬಿ ತಿರುಗಿಸಿ ಓದಿ. ಅಂಟಿನ ಜೊತೆ ಗೋಧಿ ಹಿಟ್ಟು ಅಥವಾ ಮೈದಾ ಬೆರೆಸಿರುತ್ತಾರೆ. ಕೆಲವದರಲ್ಲಿ ಅಕ್ಕಿ ಹಿಟ್ಟು ಇರುತ್ತದೆ. ಸಾಸಿವೆ ಹಾಕಿದರೆ ಒಂದು ಸಮುದಾಯದ ಪದ್ಧತಿ ಮುರಿಯಿತು ಅಷ್ಟೇ. ಗೋಧಿ ಬೆರೆತ ಇಂಗು ಒಂದು ಚಿಟಿಕೆ ಬಿದ್ದರೂ ಆ ಪಾತ್ರೆಯಲ್ಲಿರುವುದನ್ನು ಯಾವ ಯಹೂದಿಯೂ ಪಾಸೋವರ್‌ನಲ್ಲಿ ತಿನ್ನುವಂತಿಲ್ಲ. ಮಸಾಲೆ ಡಬ್ಬಿಯ ಸ್ಟೀಲ್ ಚಮಚ ಎಲ್ಲ ಬಟ್ಟಲಿಗೂ ಓಡಾಡಿರುತ್ತದೆ, ಅದನ್ನೂ ನೆನಪಿಡಿ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಆ ಎಂಟು ದಿನ ಕಪಾಟಿನಲ್ಲೇ ಇರಲಿ.

ಹಾಗಾದರೆ ರುಚಿಗೆ ಏನು? ಕಾಳುಮೆಣಸು, ಅರಿಶಿನ, ಚಕ್ಕೆ, ಲವಂಗ, ಏಲಕ್ಕಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ನಿಂಬೆಹಣ್ಣು. ಪುಡಿಗಳಾದರೆ ಪಾಸೋವರ್ ಗುರುತಿನ ಹೊಸ ಪೊಟ್ಟಣ ತನ್ನಿ. ಹ್ಞಾಂ, ಬೆಳ್ಳುಳ್ಳಿ ಬಿಡುವ ಮನೆಗಳೂ ಅಪರೂಪಕ್ಕೆ ಇವೆ. ಕೇಳಿದರೆ ಹೇಳುತ್ತಾರೆ.

ನಮ್ಮ ಮನೆಯಲ್ಲೇ ಮಾಡಿ ಡಬ್ಬಿಯಲ್ಲಿ ತಗೊಂಡು ಹೋಗಲಾ?

ಕೋಶರ್ ಪಾಲಿಸುವ ಮನೆಗಾದರೆ ಬೇಡ. ನಿಮ್ಮ ಕುಕ್ಕರ್, ಬಾಣಲೆ, ಮಿಕ್ಸಿ ಜಾರ್ ವರ್ಷವಿಡೀ ಗೋಧಿ, ಬೇಳೆ ಕಂಡಿವೆ. ಎಷ್ಟು ತಿಕ್ಕಿ ತೊಳೆದರೂ ಅವರ ಲೆಕ್ಕದಲ್ಲಿ ಆಗುವುದಿಲ್ಲ. ಅವರೇ ಪಾಸೋವರ್‌ಗೆಂದು ಬೇರೆ ಪಾತ್ರೆಗಳ ಸೆಟ್ ಇಟ್ಟಿರುತ್ತಾರೆ. ನಮ್ಮಲ್ಲಿ ಮಡಿ ಅಡುಗೆಯ ಪಾತ್ರೆ ಬೇರೆ ಇಡುತ್ತಿದ್ದರಲ್ಲ, ಆ ಪದ್ಧತಿ ಗೊತ್ತಿದ್ದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಒಳ್ಳೆಯ ದಾರಿ ಅಂದರೆ ಅವರ ಅಡುಗೆಮನೆಗೆ ಹೋಗಿ, ಅವರ ಪಾತ್ರೆಯಲ್ಲಿ, ಅವರು ತಂದ ಸಾಮಾನಿನಲ್ಲಿ ಮಾಡುವುದು. ಹಬ್ಬದ ಹಿಂದಿನ ದಿನ ಹೋದರೆ ಅವರಿಗೂ ಒಂದು ಕೈ ಸಹಾಯ ಆಗುತ್ತದೆ. ಒಲೆಯನ್ನು ಅವರೇ ಹಚ್ಚಲಿ. ಕೆಲವು ಬಗೆಯ ಅಡುಗೆಯಲ್ಲಿ ಯಹೂದಿಯೊಬ್ಬರ ಕೈ ಇರಬೇಕು ಎಂಬ ನಿಯಮವಿದೆ. ಅಶ್ಕೆನಾಜಿಗಳಲ್ಲಿ ಒಲೆ ಹಚ್ಚಿಕೊಟ್ಟರೆ ಸಾಕು. ಸೆಫಾರ್ಡಿಗಳಲ್ಲಿ ಇನ್ನಷ್ಟು ಬಿಗಿ.

ಅಷ್ಟೇನೂ ಪಾಲಿಸದ ಮನೆಗಳೂ ಬೇಕಾದಷ್ಟಿವೆ. "ಬ್ರೆಡ್ ಮಾತ್ರ ಬೇಡ, ಉಳಿದದ್ದು ಏನಾದರೂ ತನ್ನಿ" ಅನ್ನುತ್ತಾರೆ. ಆಗ ನಿಶ್ಚಿಂತೆಯಿಂದ ಮನೆಯಲ್ಲೇ ಮಾಡಿ.

ಪೊಟ್ಟಣದ ಮೇಲೆ ಕೋಶರ್ ಗುರುತಿದೆ, ಪಕ್ಕದಲ್ಲಿ "ಪಿ" ಅಂತಲೂ ಇದೆ. ಅದು ಪಾರ್ವೆ ಅಲ್ವಾ?

ಅಲ್ಲ, ಆ "ಪಿ" ಪಾಸೋವರ್‌ನದು. ಬರೀ ಕೋಶರ್ ಗುರುತಿದ್ದರೆ ಅದು ವರ್ಷದ ಉಳಿದ ದಿನಗಳಿಗೆ. ಇಸ್ರೇಲಿನಿಂದ ಬರುವ ಪೊಟ್ಟಣಗಳಲ್ಲಿ "ಕಿಟ್ನಿಯೋಟ್ ತಿನ್ನುವವರಿಗೆ ಮಾತ್ರ" ಎಂದು ಹೀಬ್ರೂನಲ್ಲಿ ಇರುತ್ತದೆ, ಸಣ್ಣ ಅಕ್ಷರದಲ್ಲಿ. ಬೇಕಿಂಗ್ ಪೌಡರ್ ಮತ್ತು ಪುಡಿ ಸಕ್ಕರೆಯಲ್ಲಿ ಸಾಮಾನ್ಯವಾಗಿ ಜೋಳದ ಗಂಜಿಹಿಟ್ಟು ಬೆರೆಸಿರುತ್ತಾರೆ. ಕಪ್ಪು ಚಾಕೊಲೇಟಿನಲ್ಲಿ ಸೋಯಾ ಲೆಸಿಥಿನ್ ಇರಬಹುದು, ಹಾಲಿನ ಪುಡಿಯೂ ಇರಬಹುದು. ಎರಡೂ ಕಣ್ಣಿನಿಂದ ಓದಿ, ಒಂದು ವೀಗನ್‌ಗೆ, ಒಂದು ಪಾಸೋವರ್‌ಗೆ.

ತರಕಾರಿಗೂ ನಿಯಮ ಇದೆಯಾ?

ಇದೆ. ಹುಳ. ಕೋಶರ್ ಪ್ರಕಾರ ಹುಳ ತಿನ್ನುವುದು ಕಟ್ಟುನಿಟ್ಟಾಗಿ ನಿಷಿದ್ಧ. ಸೊಪ್ಪು, ಹೂಕೋಸು, ಬ್ರೊಕೋಲಿ, ಸ್ಟ್ರಾಬೆರಿ ಇವನ್ನು ಸುಮ್ನೆ ನಲ್ಲಿ ಕೆಳಗೆ ಹಿಡಿದು ಹಾಕುವಂತಿಲ್ಲ. ಒಂದೊಂದೇ ಎಲೆ ಬಿಡಿಸಿ, ನೀರಿನಲ್ಲಿ ನೆನೆಸಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಸೊಪ್ಪು ಸೋಸಿ ಅಭ್ಯಾಸ ಇರುವ ಕೈಗೆ ಇದು ಕಷ್ಟವಲ್ಲ. ಹಬ್ಬದ ಮನೆಯಲ್ಲಿ ಯಾವ ಕೆಲಸ ಕೊಡಲಿ ಎಂದು ಅವರು ಕೇಳಿದರೆ ಇದನ್ನೇ ಕೇಳಿ ತಗೊಳ್ಳಿ. ಹೂಕೋಸನ್ನು ಇಡಿಯಾಗಿ ಬೇಕ್ ಮಾಡುವ ವೀಗನ್ ಪಾಕ ಈಗ ತುಂಬಾ ಓಡುತ್ತಿದೆ. ಇಡೀ ಹೂವಿನ ಒಳಗೆ ನೋಡಲು ಆಗದ ಕಾರಣ ಕಟ್ಟುನಿಟ್ಟಿನ ಮನೆಯಲ್ಲಿ ಅದು ನಡೆಯುವುದಿಲ್ಲ.

ಸೆಡರ್ ತಟ್ಟೆಯಲ್ಲಿ ಮೂಳೆ, ಮೊಟ್ಟೆ ಇಡಬೇಕಲ್ಲ? ವೀಗನ್ ಮನೆಯಲ್ಲಿ ಏನು ಇಡುತ್ತಾರೆ?

ಸೆಡರ್ ತಟ್ಟೆ ಅಂದರೆ ಆ ರಾತ್ರಿ ಮೇಜಿನ ಮೇಲೆ ಇಡುವ, ಕಥೆಯನ್ನು ನೆನಪಿಸುವ ಪದಾರ್ಥಗಳ ತಟ್ಟೆ. ಮೂಳೆಯ ಜಾಗಕ್ಕೆ ಬೀಟ್‌ರೂಟ್. ಇದು ಈಗಿನವರ ಫ್ಯಾಷನ್ ಅಂದುಕೊಳ್ಳಬೇಡಿ. ತಾಲ್ಮುಡ್‌ನ ಪೆಸಾಹಿಮ್ ಭಾಗದಲ್ಲಿ ಆ ರಾತ್ರಿ ಇಡಬೇಕಾದ ಎರಡು ಬೇಯಿಸಿದ ಪದಾರ್ಥ ಯಾವುದು ಎಂಬ ಚರ್ಚೆ ಬರುತ್ತದೆ. ರಾವ್ ಹೂನಾ ಎಂಬ ಪಂಡಿತರು ಬೀಟ್ ಮತ್ತು ಅಕ್ಕಿ ಸಾಕು ಎನ್ನುತ್ತಾರೆ. ಹೌದು, ಅಕ್ಕಿ! ಮುಂದೆ ಅಶ್ಕೆನಾಜಿಗಳು ಬಿಟ್ಟ ಅಕ್ಕಿಯೇ ಅಲ್ಲಿ ಸೆಡರ್ ಪದಾರ್ಥ. ಪಾಸೋವರ್‌ನಲ್ಲಿ ಅಕ್ಕಿ ಏಕೆ ಎಂದು ಯಾರಾದರೂ ಹುಬ್ಬೇರಿಸಿದರೆ ಅನ್ನ ಉಣ್ಣುವ ಸೆಫಾರ್ಡಿಗಳು ಈ ಪುಟ ತೆಗೆದು ತೋರಿಸಬಹುದು.

ಬೀಟ್‌ರೂಟನ್ನು ಸಿಪ್ಪೆ ಸಮೇತ ಓವನ್‌ನಲ್ಲಿ ಸುಟ್ಟು, ಅರ್ಧ ಕತ್ತರಿಸಿ ಇಡಿ. ತಟ್ಟೆಗೆ ಕೆಂಪು ರಸ ಇಳಿಯುತ್ತದೆ, ಇಳಿಯಲಿ. ಮೂಳೆ ನೆನಪಿಸುವುದು ಬಲಿಯನ್ನೇ ಅಲ್ವಾ.

ಮೊಟ್ಟೆಗೆ ಬದಲು ಸುಟ್ಟ ಸಣ್ಣ ಆಲೂಗೆಡ್ಡೆ, ಅವಕಾಡೊ ಬೀಜ, ಬಿಳಿ ಬದನೆಕಾಯಿ, ಇಲ್ಲವೇ ಒಂದು ಹೂವು. ನನಗೆ ಇಷ್ಟ ಅವಕಾಡೊ ಬೀಜ. ಆಕಾರವೂ ಹೊಂದುತ್ತದೆ, ಬೀಜ ಅಂದ ಮೇಲೆ ಹೊಸ ಹುಟ್ಟಿನ ಅರ್ಥವೂ ಸಿಗುತ್ತದೆ. ತಟ್ಟೆಯ ಉಳಿದವೆಲ್ಲ ಹೇಗೂ ವೀಗನ್. ಕಹಿಗೆ ಹಾರ್ಸ್‌ರ್ಯಾಡಿಶ್ ಗಡ್ಡೆ ಅಥವಾ ರೊಮೇನ್ ಲೆಟ್ಯೂಸ್, ಉಪ್ಪುನೀರಿನಲ್ಲಿ ಅದ್ದಲು ಪಾರ್ಸ್ಲಿ ಅಥವಾ ಬೇಯಿಸಿದ ಆಲೂಗೆಡ್ಡೆ, ಸಿಹಿಗೆ ಹರೋಸೆತ್. ಹಾರ್ಸ್‌ರ್ಯಾಡಿಶ್ ತುರಿಯುವಾಗ ಕಿಟಕಿ ತೆಗೆದಿಡಿ. ಅದರ ಘಾಟು ನೆತ್ತಿಗೇರುತ್ತದೆ.

ಹರೋಸೆತ್ ಮಾಡುವುದು ಹೇಗೆ?

ಗುಲಾಮರು ಇಟ್ಟಿಗೆಗೆ ಕಲಸಿದ ಗಾರೆಯನ್ನು ನೆನಪಿಸುವ ಹಣ್ಣಿನ ಮುದ್ದೆ ಇದು. ಅಶ್ಕೆನಾಜಿ ರೀತಿ ಹೀಗೆ: 3 ಸೇಬು, 1 ಕಪ್ ಅಕ್ರೋಟು, 1 ಟೀ ಚಮಚ ಚಕ್ಕೆಪುಡಿ, ಕಾಲು ಕಪ್ ಸಿಹಿ ಕೆಂಪು ವೈನ್ ಅಥವಾ ದ್ರಾಕ್ಷಿ ರಸ, ಬೇಕಿದ್ದರೆ ಒಂದು ಚಮಚ ಸಕ್ಕರೆ. ಕೆಲವರು ಜೇನು ಹಾಕುತ್ತಾರೆ, ಅದನ್ನು ಬಿಡಿ. ಸೇಬನ್ನು ಕೈಯಲ್ಲೇ ಸಣ್ಣಗೆ ಹೆಚ್ಚಿ. ಮಿಕ್ಸಿಗೆ ಹಾಕಿದರೆ ನೀರಾಗುತ್ತದೆ. ಎರಡು ಗಂಟೆ ಬಿಟ್ಟರೆ ವೈನ್ ಎಳೆದುಕೊಂಡು ಬಣ್ಣ ತಿರುಗುತ್ತದೆ, ಆಗ ಚೆನ್ನಾಗಿರುತ್ತದೆ.

ಬಾಗ್ದಾದಿ ಯಹೂದಿಗಳು, ಅಂದರೆ ಮುಂಬೈ, ಕೋಲ್ಕತ್ತಾಗಳಿಗೂ ಬಂದು ನೆಲೆಸಿದವರು, ಖರ್ಜೂರದ ಪಾಕ ಮಾಡುತ್ತಾರೆ. ಖರ್ಜೂರ ನೆನೆಸಿ, ಬೇಯಿಸಿ, ಬಟ್ಟೆಯಲ್ಲಿ ಹಿಂಡಿ, ಆ ರಸವನ್ನು ಸಣ್ಣ ಉರಿಯಲ್ಲಿ ದಪ್ಪ ಆಗುವ ತನಕ ಕುದಿಸುತ್ತಾರೆ. ಮೇಲೆ ಅಕ್ರೋಟು ಪುಡಿ. ಅಷ್ಟೇ. ನನ್ನ ವೋಟು ಇದಕ್ಕೆ. ಉಳಿದರೆ ಮರುದಿನ ಮಾತ್ಸಾ (ಹುದುಗು ಬರಿಸದ ರೊಟ್ಟಿ) ಮೇಲೆ ಹಚ್ಚಿಕೊಂಡು ತಿನ್ನಬಹುದು.

ಮಾತ್ಸಾ ವೀಗನ್ನಾ?

ಮಾಮೂಲಿ ಮಾತ್ಸಾ ಬರೀ ಗೋಧಿ ಹಿಟ್ಟು ಮತ್ತು ನೀರು. ಹಾಗಾಗಿ ವೀಗನ್. "ಎಗ್ ಮಾತ್ಸಾ" ಬೇರೆ, ಅದನ್ನು ತರಬೇಡಿ.

ಮಾತ್ಸಾ ಉಂಡೆ ಸೂಪ್ ಮೊಟ್ಟೆಯಿಲ್ಲದೆ ಬರುತ್ತಾ? ನೀರಲ್ಲಿ ಹಾಕಿದ ಕೂಡಲೇ ಒಡೆದುಹೋಗುತ್ತಂತೆ.

ಒಡೆದೇ ಹೋಗುತ್ತದೆ. ಮೂಲ ಪಾಕದಲ್ಲಿ ಹಿಡಿದಿಡುವುದು ಮೊಟ್ಟೆ. ಅದನ್ನು ತೆಗೆದು ಕುದಿಯುವ ನೀರಿಗೆ ಹಾಕಿದರೆ ಗಂಜಿ ಆಗುತ್ತದೆ. ನಮ್ಮ ನುಚ್ಚಿನುಂಡೆಯ ಹಾಗೆ ಹಬೆಯಲ್ಲಿ ಬೇಯಿಸಿ, ಸಮಸ್ಯೆ ಮುಗಿಯಿತು.

1 ಕಪ್ ಮಾತ್ಸಾ ಪುಡಿ, ಬೇಯಿಸಿ ನುಣ್ಣಗೆ ಮಸೆದ ಒಂದು ದೊಡ್ಡ ಆಲೂಗೆಡ್ಡೆ, 2 ದೊಡ್ಡ ಚಮಚ ಆಲೂ ಗಂಜಿಹಿಟ್ಟು, 3 ದೊಡ್ಡ ಚಮಚ ಎಣ್ಣೆ, ಉಪ್ಪು, ಕಾಳುಮೆಣಸಿನ ಪುಡಿ, ಹೆಚ್ಚಿದ ಸಬ್ಬಸಿಗೆ ಸೊಪ್ಪು. ಬಿಸಿ ತರಕಾರಿ ಸಾರನ್ನು ಸ್ವಲ್ಪ ಸ್ವಲ್ಪ ಹಾಕುತ್ತಾ ಕಲಸಿ. ಮುಕ್ಕಾಲು ಕಪ್ ಹತ್ತಿರ ಹಿಡಿಯುತ್ತದೆ. ಮೊದಲು ತೀರಾ ಸಡಿಲ ಅನ್ನಿಸುತ್ತದೆ, ಗಾಬರಿಯಿಂದ ಪುಡಿ ಸುರಿಯಬೇಡಿ. ಮುಚ್ಚಿ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಪುಡಿ ನೀರು ಕುಡಿದು ಗಟ್ಟಿಯಾಗುತ್ತದೆ. ಕೈಗೆ ಎಣ್ಣೆ ಸವರಿಕೊಂಡು ನಿಂಬೆ ಗಾತ್ರದ ಉಂಡೆ ಕಟ್ಟಿ. ಒತ್ತಿ ಕಟ್ಟಿದರೆ ಕಲ್ಲಾಗುತ್ತದೆ, ಹಗುರವಾಗಿ ಉರುಳಿಸಿ. ಹಬೆಯಲ್ಲಿ 20 ನಿಮಿಷ. ಬಡಿಸುವಾಗ ಮಾತ್ರ ಬಟ್ಟಲಿಗೆ ಉಂಡೆ ಹಾಕಿ, ಮೇಲೆ ಬಿಸಿ ಸೂಪ್ ಸುರಿಯಿರಿ. ಹಬೆಗೆ ನಿಮ್ಮ ಇಡ್ಲಿ ಪಾತ್ರೆ ಒಯ್ಯಬೇಡಿ. ಅದರಲ್ಲಿ ಉದ್ದು, ಅಕ್ಕಿ, ರವೆ ಎಲ್ಲ ಬೆಂದಿದೆ.

ಸೂಪಿಗೆ ಈರುಳ್ಳಿಯನ್ನು ಸಿಪ್ಪೆ ಸಮೇತ ಎರಡು ಹೋಳು ಮಾಡಿ ಹಾಕಿ. ಹೊನ್ನಿನ ಬಣ್ಣ ಬರುವುದು ಆ ಸಿಪ್ಪೆಯಿಂದ. ಕ್ಯಾರೆಟ್, ಸೆಲೆರಿ, ಪಾರ್ಸ್ನಿಪ್, ಪಾರ್ಸ್ಲಿ ಕಾಂಡ, ಒಂದು ಹಿಡಿ ಒಣ ಅಣಬೆ, ಕಾಳುಮೆಣಸು ಸೇರಿಸಿ ಒಂದೂವರೆ ಗಂಟೆ ಸಣ್ಣ ಉರಿಯಲ್ಲಿ ಕುದಿಸಿ ಸೋಸಿ. ಸೂಪಿನ ಕ್ಯೂಬ್ ಬೇಡ, ಅದರಲ್ಲಿ ಏನಿದೆ ಎಂದು ಹುಡುಕುವಷ್ಟರಲ್ಲಿ ಸೂಪೇ ಆಗಿಬಿಡುತ್ತದೆ.

ಒಂದು ಎಚ್ಚರಿಕೆ. ಹಸಿಡಿಕ್ ಎಂಬ ಕಟ್ಟುನಿಟ್ಟಿನ ಸಂಪ್ರದಾಯದ ಅನೇಕರು ಪಾಸೋವರ್‌ನ ಮೊದಲ ಏಳು ದಿನ ಮಾತ್ಸಾವನ್ನು ನೀರಿಗೆ ತಾಗಿಸುವುದೇ ಇಲ್ಲ. ಅಂಥ ಮನೆಯಲ್ಲಿ ಈ ಉಂಡೆಯ ಪ್ರಶ್ನೆಯೇ ಬರುವುದಿಲ್ಲ.

ಊಟದ ನಡುವೆ ಇಡಲು ಗಟ್ಟಿ ಪದಾರ್ಥ ಯಾವುದು?

ಮೂರು ಹೇಳುತ್ತೇನೆ, ಮೂರೂ ಅಶ್ಕೆನಾಜಿ ಮನೆಗೂ ಆಗುತ್ತವೆ.

ಆಲೂ ಕೂಗಲ್. ಒಂದೂಕಾಲು ಕೆಜಿ ಆಲೂಗೆಡ್ಡೆ, ಎರಡು ಈರುಳ್ಳಿ ತುರಿದು ಬಟ್ಟೆಯಲ್ಲಿ ಹಿಂಡಿ. ಹಿಂಡಿದ ನೀರನ್ನು ಚೆಲ್ಲಬೇಡಿ. ಹತ್ತು ನಿಮಿಷ ಬಿಟ್ಟು ಮೇಲಿನ ಕೆಂಪು ನೀರು ಬಗ್ಗಿಸಿದರೆ ತಳದಲ್ಲಿ ಬಿಳಿ ಗಂಜಿ ಕೂತಿರುತ್ತದೆ. ಮೊಟ್ಟೆಯ ಕೆಲಸ ಮಾಡುವುದು ಅದೇ. ಅದನ್ನು ಕೆರೆದು ತುರಿಗೆ ಸೇರಿಸಿ, ಜೊತೆಗೆ 4 ದೊಡ್ಡ ಚಮಚ ಆಲೂ ಗಂಜಿಹಿಟ್ಟು, ಉಪ್ಪು, ಮೆಣಸು. ಬೇಕಿಂಗ್ ತಟ್ಟೆಗೆ ಕಾಲು ಕಪ್‌ಗಿಂತ ಸ್ವಲ್ಪ ಜಾಸ್ತಿ ಎಣ್ಣೆ ಹಾಕಿ ಓವನ್‌ನಲ್ಲೇ ಕಾಯಿಸಿ, ಚುರ್ ಅನ್ನುವ ಎಣ್ಣೆಗೆ ತುರಿ ಸುರಿಯಿರಿ. 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೂಕಾಲು ಗಂಟೆ. ಅಂಚು ಕಂದಾಗಿ ಗರಿಗರಿ ಆಗಿರಬೇಕು. ಎಣ್ಣೆಯಲ್ಲಿ ಜಿಪುಣತನ ಮಾಡಿದರೆ ಇದು ಕೂಗಲ್ ಆಗದೆ ಆಲೂ ಪಲ್ಯವಾಗಿ ಉಳಿಯುತ್ತದೆ.

ಎರಡನೆಯದು ತ್ಸಿಮ್ಮೆಸ್. ಅರ್ಧ ಕೆಜಿ ಕ್ಯಾರೆಟ್, ಎರಡು ಗೆಣಸು, ಒಂದು ಕಪ್ ಒಣ ಪ್ಲಮ್, ಒಂದು ಕಪ್ ಕಿತ್ತಳೆ ರಸ, ಒಂದು ಚಕ್ಕೆ, ಉಪ್ಪು. ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ, ಕೊನೆಗೆ ಮುಚ್ಚಳ ತೆಗೆದು ರಸ ಇಂಗಿಸಿ. ನಮ್ಮ ನಾಲಿಗೆಗೆ ಸಿಹಿ ಜಾಸ್ತಿ. ಶುಂಠಿ, ನಿಂಬೆರಸ ಸೇರಿಸಿದರೆ ಸರಿಹೋಗುತ್ತದೆ.

ಮೂರನೆಯದು ಅಣಬೆ ಮತ್ತು ಅಕ್ರೋಟಿನ ಹಚ್ಚುಗೆ, ಪೂರ್ವ ಯೂರೋಪಿನವರ ಹೆಚ್ಚಿದ ಲಿವರ್‌ಗೆ ಬದಲು. ಎರಡು ದೊಡ್ಡ ಈರುಳ್ಳಿಯನ್ನು ಅರ್ಧ ಗಂಟೆ ನಿಧಾನಕ್ಕೆ ಕಂದಾಗುವ ತನಕ ಹುರಿಯಿರಿ. ರುಚಿಯೆಲ್ಲ ಅಲ್ಲೇ ಇದೆ. 250 ಗ್ರಾಂ ಅಣಬೆ ಹಾಕಿ ನೀರು ಆರಿಸಿ, ಹುರಿದ ಒಂದು ಕಪ್ ಅಕ್ರೋಟಿನ ಜೊತೆ ತರಿತರಿಯಾಗಿ ರುಬ್ಬಿ. ಮಾತ್ಸಾ ಮೇಲೆ ಹಚ್ಚಿ ತಿನ್ನಲು ಇದಕ್ಕಿಂತ ಒಳ್ಳೆಯದು ಆ ಮೇಜಿನ ಮೇಲೆ ಇರಲಾರದು.

ತೆಂಗಿನ ಹಾಲು, ಬಾದಾಮಿ ಹಾಲು ಮಾಂಸದ ಊಟದ ಪಕ್ಕ ಇಡಬಹುದಾ?

ಇಡಬಹುದು. ಆದರೆ ನೋಡಿದವರು ಹಸುವಿನ ಹಾಲು ಅಂದುಕೊಂಡಾರು ಎಂಬ ಅಳುಕು ಹಿಂದಿನಿಂದಲೂ ಇದೆ. 16ನೇ ಶತಮಾನದ ಪೋಲೆಂಡಿನ ಧರ್ಮಪಂಡಿತ ರಬ್ಬಿ ಮೋಸೆಸ್ ಇಸೆರ್ಲೆಸ್, ಬಾದಾಮಿ ಹಾಲನ್ನು ಮಾಂಸದ ಜೊತೆ ಬಡಿಸಿದರೆ ಪಕ್ಕದಲ್ಲಿ ಒಂದಷ್ಟು ಬಾದಾಮಿ ಇಡಿ ಎಂದು ಬರೆದಿದ್ದಾರೆ. ಈಗ ಪೊಟ್ಟಣವನ್ನು ಮೇಜಿನ ಮೇಲೆ ಇಟ್ಟರೂ ಆಯಿತು. ತಾಜಾ ಕಾಯಿ ತುರಿದು ಹಿಂಡಿದ ಹಾಲಾದರೆ ಗುರುತು ಹುಡುಕುವ ರಗಳೆಯೂ ಇಲ್ಲ.

ಸಿಹಿಗೆ ಏನು ಮಾಡೋಣ?

ಕೊಬ್ಬರಿ ಮಿಠಾಯಿ! ಪಾಸೋವರ್‌ನಲ್ಲಿ ಅವರ ಮನೆಗಳಲ್ಲಿ ಕಾಯಿತುರಿಯ ಮ್ಯಾಕರೂನ್ ಇರುತ್ತದೆ, ಅದಕ್ಕೆ ಮೊಟ್ಟೆಯ ಬಿಳಿ ಬೇಕು. ನಮ್ಮದಕ್ಕೆ ಬೇಡ. ತಾಜಾ ಕಾಯಿತುರಿ 2 ಕಪ್, ಸಕ್ಕರೆ ಒಂದೂಕಾಲು ಕಪ್, ಏಲಕ್ಕಿ. ಎಳೆಪಾಕ ಬಂದಾಗ ತುರಿ ಹಾಕಿ, ತಳ ಬಿಡುವ ತನಕ ತಿರುವಿ, ತಟ್ಟೆಗೆ ಸುರಿದು ಬಿಲ್ಲೆ ಕತ್ತರಿಸಿ. ತಟ್ಟೆಗೆ ತುಪ್ಪ ಸವರುವ ಕೈ ತಡೆದುಕೊಳ್ಳಿ, ಎಣ್ಣೆ ಸವರಿ. ಅಮೆರಿಕದಲ್ಲಿ ಕೆಲವು ಸಕ್ಕರೆಯನ್ನು ಮೂಳೆ ಇದ್ದಿಲಿನಲ್ಲಿ ಶೋಧಿಸುತ್ತಾರೆ. ಅಷ್ಟು ಕಟ್ಟುನಿಟ್ಟಿನ ವೀಗನ್ ಇದ್ದರೆ ಸಾವಯವ ಸಕ್ಕರೆ ತನ್ನಿ.

ಊಟದ ಕೊನೆಗೆ ಅಫಿಕೋಮನ್ ಎಂಬ ಮಾತ್ಸಾ ತುಂಡು ತಿನ್ನುತ್ತಾರೆ. ಅದಾದ ಮೇಲೆ ಉಳಿದ ಎರಡು ಲೋಟ ವೈನ್ ಬಿಟ್ಟು ಬೇರೆ ಏನೂ ತಿನ್ನುವಂತಿಲ್ಲ. ಸಿಹಿಯನ್ನು ಅದಕ್ಕೆ ಮುಂಚೆಯೇ ಬಡಿಸಿಬಿಡಿ.

ವೈನ್ ವೀಗನ್ ಅಲ್ವಾ? ದ್ರಾಕ್ಷಿ ತಾನೇ?

ದ್ರಾಕ್ಷಿಯೇ. ಆದರೆ ತಿಳಿ ಮಾಡಲು ಮೊಟ್ಟೆಯ ಬಿಳಿ, ಜೆಲಟಿನ್ ಬಳಸುವವರಿದ್ದಾರೆ. ಕೋಶರ್ ಅಂದ ಮಾತ್ರಕ್ಕೆ ವೀಗನ್ ಆಗಿರಬೇಕಿಲ್ಲ. ಪಾಸೋವರ್ ಗುರುತು ಮತ್ತು ವೀಗನ್ ಗುರುತು ಎರಡೂ ಇರುವ ಬಾಟಲಿ ಸಿಗುತ್ತದೆ. ವೈನ್ ಕುಡಿಯದವರಿಗೆ ದ್ರಾಕ್ಷಿ ರಸ ನಡೆಯುತ್ತದೆ, ನಾಲ್ಕು ಲೋಟಕ್ಕೂ.

ನೀವು ಬಾಟಲಿ ತೆಗೆದು ಬಡಿಸಲು ಮುಂದಾಗಬೇಡಿ. ಯಹೂದಿಯಲ್ಲದವರ ಕೈಯಿಂದ ಸುರಿದ ವೈನ್ ಕಟ್ಟುನಿಟ್ಟಿನವರು ಕುಡಿಯುವುದಿಲ್ಲ. "ಮೆವುಶಾಲ್" ಎಂದು ಬರೆದ, ಕಾಯಿಸಿದ ವೈನ್ ಆದರೆ ತೊಂದರೆಯಿಲ್ಲ. ಒಯ್ಯುವುದಾದರೆ ಅದನ್ನೇ ಒಯ್ಯಿರಿ. ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ.

ಊಟ ಎಷ್ಟು ಹೊತ್ತಿಗೆ ಸಿಗುತ್ತೆ?

ತಡವಾಗುತ್ತದೆ. ಕತ್ತಲಾದ ಮೇಲೆ ಸೆಡರ್ ಶುರು, ಅರ್ಧ ಹಗ್ಗಾದಾ ಓದಿದ ಮೇಲೆ ಊಟ. ರಾತ್ರಿ ಒಂಬತ್ತು, ಹತ್ತು ಆದರೂ ಆಶ್ಚರ್ಯವಿಲ್ಲ. ಮಕ್ಕಳಿಗೆ ಸಂಜೆ ಏನಾದರೂ ತಿನ್ನಿಸಿಯೇ ಕರೆದುಕೊಂಡು ಹೋಗಿ. ಬಿಸಿ ಆರಿದರೂ ಕೆಡದ ಪದಾರ್ಥವನ್ನೇ ಆರಿಸಿ. ಕೂಗಲ್, ತ್ಸಿಮ್ಮೆಸ್ ಎರಡೂ ಹಾಗೆಯೇ. ಹಬ್ಬ ಶುರುವಾದ ಮೇಲೆ ಹೊಸದಾಗಿ ಬೆಂಕಿ ಹಚ್ಚುವುದು, ಲೈಟ್ ಆರಿಸುವುದು ಪಾಲಿಸುವವರ ಮನೆಯಲ್ಲಿ ಇಲ್ಲ. ಬಚ್ಚಲುಮನೆಯ ಲೈಟ್ ಅಭ್ಯಾಸಬಲದಿಂದ ಆರಿಸಿಬಿಟ್ಟರೆ ರಾತ್ರಿಯಿಡೀ ಎಲ್ಲರಿಗೂ ಕತ್ತಲೆ.

ಭಾರತದ ಯಹೂದಿಗಳ ಅಡುಗೆಯಲ್ಲಿ ವೀಗನ್ ಪದಾರ್ಥ ಇದೆಯಾ?

ಬೇಕಾದಷ್ಟು. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಸಮುದಾಯದವರು ಮಾಂಸದೂಟಕ್ಕೆ ಹಾಲು ಸೇರಬಾರದೆಂದು ತೆಂಗಿನ ಹಾಲಿನಲ್ಲೇ ಅಡುಗೆ ಮಾಡುತ್ತಾ ಬಂದವರು. ಅವರ ಮಲೀದಾ ಅಂದರೆ ನೆನೆಸಿದ ಅವಲಕ್ಕಿ, ಕಾಯಿತುರಿ, ಬೆಲ್ಲ ಅಥವಾ ಸಕ್ಕರೆ, ಏಲಕ್ಕಿ, ಜೊತೆಗೆ ಹಣ್ಣುಗಳು. ಪ್ರವಾದಿ ಎಲೈಜಾನ ಹೆಸರಿನಲ್ಲಿ ಅರ್ಪಿಸುತ್ತಾರೆ. ಕೃಷ್ಣಾಷ್ಟಮಿಯ ಸಿಹಿ ಅವಲಕ್ಕಿ ತಿಂದವರಿಗೆ ರುಚಿ ಹೊಸದಲ್ಲ. ಕೋಶರ್ ವೈನ್ ಸಿಗದ ಕಾಲದಲ್ಲಿ ಒಣದ್ರಾಕ್ಷಿ ನೆನೆಸಿ ಹಿಂಡಿದ ಶರಬತ್ತನ್ನೇ ಅವರು ಆಶೀರ್ವಾದಕ್ಕೆ ಬಳಸಿದರು. ಈಗಲೂ ಬಳಸುತ್ತಾರೆ. ಬೆನೆ ಇಸ್ರೇಲರು, ಕೊಚ್ಚಿಯ ಯಹೂದಿಗಳು ಪಾಸೋವರ್‌ನಲ್ಲಿ ಅನ್ನ ಉಣ್ಣುವವರು.

ಬೆನೆ ಇಸ್ರೇಲರ ಹೊಸ ವರ್ಷದ ಸಿಹಿ ಚಿಕ್ ಚಾ ಹಲ್ವಾ. ಗೋಧಿ ನೆನೆಸಿ ರುಬ್ಬಿ ಹಾಲು ತೆಗೆದು, ತೆಂಗಿನ ಹಾಲು, ಸಕ್ಕರೆ ಹಾಕಿ ಗಂಟೆಗಟ್ಟಲೆ ತಿರುವುತ್ತಾರೆ. ತುಪ್ಪವೂ ಬೇಡ, ಹಸುವಿನ ಹಾಲೂ ಬೇಡ. ಗೋಧಿ ಇರುವುದರಿಂದ ಪಾಸೋವರ್‌ಗೆ ಮಾತ್ರ ಆಗುವುದಿಲ್ಲ.

ಬೇರೆ ಹಬ್ಬಗಳಿಗೂ ಇಷ್ಟೇ ಕಷ್ಟವಾ?

ಇಲ್ಲ. ಸೆಪ್ಟೆಂಬರ್, ಅಕ್ಟೋಬರ್ ಸುಮಾರಿಗೆ ಬರುವ ಹೊಸ ವರ್ಷ ರೋಶ್ ಹಶಾನಾದಲ್ಲಿ ಬೇಳೆಕಾಳು ಎಲ್ಲ ಆಗುತ್ತದೆ. ಸೆಫಾರ್ಡಿ ಮನೆಗಳಲ್ಲಿ ಅಲಸಂದೆ ಕಾಳು, ಕುಂಬಳ, ಖರ್ಜೂರ, ದಾಳಿಂಬೆ ಒಂದೊಂದಕ್ಕೂ ಒಂದೊಂದು ಪ್ರಾರ್ಥನೆ ಹೇಳಿ ತಿನ್ನುತ್ತಾರೆ. ಮೀನಿನ ತಲೆಯ ಜಾಗಕ್ಕೆ ವೀಗನ್ ಮನೆಗಳಲ್ಲಿ ಎಲೆಕೋಸು ಅಥವಾ ಇಡೀ ಬೆಳ್ಳುಳ್ಳಿ ಗಡ್ಡೆ. ಸೇಬನ್ನು ಜೇನಿನ ಬದಲು ಖರ್ಜೂರದ ಪಾಕದಲ್ಲಿ ಅದ್ದಿ. ಬೈಬಲಿನಲ್ಲಿ ಬರುವ ಹಾಲು ಮತ್ತು ಜೇನು ಹರಿಯುವ ನಾಡಿನ ಜೇನು ಖರ್ಜೂರದ್ದೇ ಎಂದು ಪಂಡಿತರು ಹೇಳುತ್ತಾರೆ. ಹಲ್ಲಾ ಬ್ರೆಡ್ಡನ್ನು ಮೊಟ್ಟೆಯಿಲ್ಲದೆ ನೀರಲ್ಲಿ ಕಲಸಿ ಮಾಡುವ ಪದ್ಧತಿ ಸೆಫಾರ್ಡಿಗಳಲ್ಲಿ ಇದ್ದೇ ಇದೆ. ಹನುಕ್ಕಾ ಹಬ್ಬದಲ್ಲಿ ಎಣ್ಣೆಯಲ್ಲಿ ಕರಿಯುವ ಆಲೂ ಲಾಟ್ಕೆಗೆ ಮೇಲೆ ಹೇಳಿದ ಗಂಜಿಯ ಉಪಾಯ ಸಾಕು. ಶಾವುಒತ್ ಎಂಬ ಹಬ್ಬ ಮಾತ್ರ ಪೂರ್ತಿ ಹಾಲು, ಚೀಸ್‌ಕೇಕಿನದು. ವೀಗನ್‌ಗೆ ಅಲ್ಲಿ ಗೋಡಂಬಿಯೇ ಗತಿ.

ಅಡುಗೆ ಮಾಡಲು ಪುರುಸೊತ್ತಿಲ್ಲ. ಕೈಗೆ ಏನು ಹಿಡಿದು ಹೋಗಲಿ?

ಕತ್ತರಿಸದ ಇಡೀ ಹಣ್ಣುಗಳ ಬುಟ್ಟಿ. ಮಾವು, ಕಿತ್ತಳೆ, ಅನಾನಸ್ ಯಾವುದಾದರೂ ಸರಿ. ಯಾವ ಪಂಥದವರೂ ಬೇಡ ಅನ್ನುವುದಿಲ್ಲ. ಹೂವು ಒಯ್ಯುವುದಾದರೆ ಕತ್ತಲಾಗುವ ಮುಂಚೆ ತಲುಪಿಸಿ, ನೀರು ಹಾಕಿದ ಹೂದಾನಿಯ ಸಮೇತ. ಹಬ್ಬ ಶುರುವಾದ ಮೇಲೆ ಅವರು ಹೊಸದಾಗಿ ಹೂ ಜೋಡಿಸುವುದಿಲ್ಲ.